ಗೂಗಲ್ ಅರ್ಥ್‌ನಲ್ಲಿ ಒಂದೇ ಸಲ ಹಲವು ಗೆರೆಗಳನ್ನು ಎಳೆಯುವುದು: ಬಹಮನಿ ಕಾಲದ ಕಲಬುರಗಿ–ಬೀದರ್ ಸಂಪರ್ಕಗಳ ನಕ್ಷೆ

ಇತಿಹಾಸ ಉಪನ್ಯಾಸಕಿ, ಬೀದರ್

ಎಲ್ಲರಿಗೂ ನಮಸ್ಕಾರ. ಬಹಮನಿ ಅರಸರ ಕಾಲದಲ್ಲಿ ಕಲಬುರಗಿ ಮತ್ತು ಬೀದರ್ ನಗರಗಳಿಗೆ ಹೊರನಾಡುಗಳೊಡನೆ ಇದ್ದ ಸಂಪರ್ಕಗಳನ್ನು ಗೂಗಲ್ ಅರ್ಥ್ ಪ್ರೋ ತಂತ್ರಾಂಶದ ಗ್ಲೋಬಿನ ಮೇಲೆ ಗೆರೆಗಳಾಗಿ ತೋರಿಸಬೇಕೆಂದು ನಮ್ಮ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳೊಂದಿಗೆ ಕೆಲಸ ಆರಂಭಿಸಿದ್ದೇನೆ. ಗೀಲಾನ್‌ನಿಂದ ಬಂದು ಇಲ್ಲಿ ಮಂತ್ರಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್, ರಷ್ಯಾದ ತ್ವೇರ್ ಪಟ್ಟಣದಿಂದ ಬಂದ ವ್ಯಾಪಾರಿ ಅಫನಾಸಿ ನಿಕಿತಿನ್, ಕಿರ್ಮಾನ್ ಸಮೀಪದ ಮಾಹಾನ್‌ನಿಂದ ಬಂದ ಶಾ ನಿಅಮತುಲ್ಲಾ ಅವರ ವಂಶಸ್ಥರು, ದೆಹಲಿಯಿಂದ ಕಲಬುರಗಿಗೆ ಬಂದು ನೆಲೆಸಿದ ಖಾಜಾ ಬಂದೇ ನವಾಜ್ ಗೇಸೂದರಾಜ್ ಮೊದಲಾದವರ ಊರುಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಜೋಡಿಸಿದ್ದೇವೆ. ಪ್ರತಿ ಸಾಲಿನಲ್ಲಿ ಹೊರಟ ಊರು, ಅದರ ಅಕ್ಷಾಂಶ ಮತ್ತು ರೇಖಾಂಶ, ತಲುಪಿದ ಊರು, ಅದರ ಅಕ್ಷಾಂಶ ಮತ್ತು ರೇಖಾಂಶ, ಜೊತೆಗೆ ಸಂಪರ್ಕದ ಸ್ವರೂಪ (ವ್ಯಾಪಾರ, ಧರ್ಮ, ಆಡಳಿತ) ಇವೆ.

ಗೂಗಲ್ ಅರ್ಥ್‌ನ ಇಂಪೋರ್ಟ್ ಸೌಲಭ್ಯದ ಮೂಲಕ ಈ ಹಾಳೆಯನ್ನು ತೆರೆದರೆ ಊರುಗಳು ಬಿಂದುಗಳಾಗಿ ಮೂಡುತ್ತವೆಯೇ ಹೊರತು ಗೆರೆಗಳು ಮೂಡುವುದಿಲ್ಲ. ಪರಿಚಿತರೊಬ್ಬರು ಸಿದ್ಧಪಡಿಸಿಕೊಟ್ಟ ಕೆಎಂಎಲ್ ಕಡತದಲ್ಲಿ (ಗೂಗಲ್ ಅರ್ಥ್ ಓದುವ ನಕ್ಷೆಯ ಕಡತ) ಗೆರೆಗಳೇನೋ ಇವೆ, ಆದರೆ ಉದ್ದನೆಯ ಗೆರೆಗಳು ಬೀದರ್ ಬಿಟ್ಟ ಕೂಡಲೇ ನೆಲದೊಳಗೆ ಇಳಿದು ಮಾಯವಾಗುತ್ತವೆ. ಇದಲ್ಲದೆ ಊರುಗಳ ಕನ್ನಡ ಹೆಸರುಗಳಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿಯಾಗಿ ಕಾಣಿಸುತ್ತಿವೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ತಂತ್ರಾಂಶ ಉದ್ಯೋಗಿ, ಊರು ಭಾಲ್ಕಿ

ಮೇಡಂ, ನಿಮ್ಮ ಗೆರೆಗಳು ಮಾಯವಾಗಿಲ್ಲ, ಭೂಮಿಯ ಒಳಗಿನಿಂದ ಹಾದುಹೋಗಿವೆ. ಎರಡು ತುದಿಗಳನ್ನು ಮಾತ್ರ ಕೊಟ್ಟು ಬೇರೇನನ್ನೂ ಹೇಳದಿದ್ದರೆ ಗೂಗಲ್ ಅರ್ಥ್ ಆ ಎರಡು ಬಿಂದುಗಳನ್ನು ನೆಟ್ಟಗೆ ಜೋಡಿಸುತ್ತದೆ, ಗುಂಡಾದ ವಸ್ತುವಿನ ಮೇಲಿನ ಎರಡು ಬಿಂದುಗಳನ್ನು ನೆಟ್ಟಗೆ ಜೋಡಿಸಿದರೆ ಗೆರೆ ಅದರ ಹೊಟ್ಟೆಯನ್ನು ಸೀಳಿಕೊಂಡೇ ಹೋಗಬೇಕು. ಬೀದರ್‌ನಿಂದ ತ್ವೇರ್‌ಗೆ ಭೂಮಿಯ ಮೇಲ್ಮೈಗುಂಟ ಸುಮಾರು 5,500 ಕಿಲೋಮೀಟರ್ ದೂರವಿದೆ. ಈ ಎರಡು ಊರುಗಳನ್ನು ನೆಟ್ಟಗೆ ಜೋಡಿಸುವ ಗೆರೆ ನಡುವೆ ಸುಮಾರು 590 ಕಿಲೋಮೀಟರ್ ಆಳದಲ್ಲಿರುತ್ತದೆ. ಬೀದರ್–ಕಲಬುರಗಿಯಂತಹ ಹತ್ತಿರದ ಜೋಡಿಯಲ್ಲಿಯೂ ಇದು ತಪ್ಪಿದ್ದಲ್ಲ. ನೇರ ಅಂತರ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಇರುವ ಈ ಗೆರೆ, ಭೂಮಿಯ ದುಂಡುತನವೊಂದನ್ನೇ ಲೆಕ್ಕಕ್ಕೆ ಹಿಡಿದರೂ, ನಡುವಿನಲ್ಲಿ 180 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ.

ಪರಿಹಾರ ಒಂದೇ ಪದದಲ್ಲಿದೆ. ಕೆಎಂಎಲ್ ಕಡತದಲ್ಲಿ ಪ್ರತಿ ಗೆರೆಯ ವಿವರದೊಳಗೆ ‘ಟೆಸಲೇಟ್’ (tessellate) ಎಂಬ ಅಂಶ ಇರಬೇಕು. ಅದರ ಬೆಲೆ 1 ಎಂದಿದ್ದರೆ ಗೆರೆ ನೆಲದ ಏರಿಳಿತವನ್ನೂ ಭೂಮಿಯ ದುಂಡುತನವನ್ನೂ ಅನುಸರಿಸಿ ಮೈಮೇಲೆ ಹಾಸಿದಂತೆ ಸಾಗುತ್ತದೆ. ಇದು ಕೆಲಸ ಮಾಡಬೇಕಾದರೆ ಎತ್ತರದ ಕ್ರಮ ‘ಕ್ಲ್ಯಾಂಪ್ ಟು ಗ್ರೌಂಡ್’ ಆಗಿರಬೇಕು. ಬೇರೇನೂ ಬರೆಯದಿದ್ದರೆ ಅದು ಹಾಗೆಯೇ ಇರುತ್ತದೆ. ಗೂಗಲ್ ಅರ್ಥ್ ಪ್ರೋದಲ್ಲಿ ನೀವೇ ಮೌಸ್ ಹಿಡಿದು ಪಾತ್ ಎಳೆದರೆ ತಂತ್ರಾಂಶವೇ ಈ ಅಂಶವನ್ನು ಸೇರಿಸಿಕೊಳ್ಳುತ್ತದೆ. ಆದ್ದರಿಂದಲೇ ಕೈಯಿಂದ ಎಳೆದ ಗೆರೆಗಳಲ್ಲಿ ಕಾಣದ ತೊಂದರೆ, ಬೇರೆ ಕಡೆ ತಯಾರಿಸಿ ತಂದ ಕಡತಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನು ಎಕ್ಸೆಲ್ ಹಾಳೆಯಿಂದಲೇ ಎಲ್ಲ ಗೆರೆಗಳನ್ನು ಒಮ್ಮೆಲೇ ಹುಟ್ಟಿಸುವ ವಿಚಾರ. ಕೆಎಂಎಲ್ ಎಂದರೆ ಯಾವುದೇ ಗುಟ್ಟಿಲ್ಲದ ಸಾದಾ ಪಠ್ಯ ಕಡತ. ಕೀಹೋಲ್ ಎಂಬ ಕಂಪನಿ ರೂಪಿಸಿದ, 2004ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡ ಮೇಲೆ ಬೆಳೆದು, 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಬರವಣಿಗೆಯ ಕ್ರಮ ಅದು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲು ಬರುತ್ತದೆ. ಅದರಲ್ಲಿ ಒಂದು ಗೆರೆಗೆ ಒಂದು ‘ಪ್ಲೇಸ್‌ಮಾರ್ಕ್’, ಅದರೊಳಗೆ ಹೆಸರು, ಶೈಲಿಯ ಉಲ್ಲೇಖ ಮತ್ತು ‘ಲೈನ್‌ಸ್ಟ್ರಿಂಗ್’, ಲೈನ್‌ಸ್ಟ್ರಿಂಗ್‌ನೊಳಗೆ ಟೆಸಲೇಟ್ ಮತ್ತು ‘ಕೋಆರ್ಡಿನೇಟ್ಸ್’ ಇರುತ್ತವೆ. ಬೀದರ್–ತ್ವೇರ್ ಗೆರೆಯ ಕೋಆರ್ಡಿನೇಟ್ಸ್ ಹೀಗೆ ಕಾಣುತ್ತದೆ:

77.52,17.91,0 35.90,56.86,0

ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಕೊನೆಗೆ ಎತ್ತರ. ನಡುವೆ ಅಲ್ಪವಿರಾಮ ಮಾತ್ರ, ಅಲ್ಪವಿರಾಮದ ಪಕ್ಕದಲ್ಲಿ ಖಾಲಿ ಜಾಗ ಇರಕೂಡದು. ಒಂದು ಬಿಂದು ಮುಗಿದು ಇನ್ನೊಂದು ಆರಂಭವಾಗುವಲ್ಲಿ ಮಾತ್ರ ಒಂದು ಖಾಲಿ ಜಾಗ ಬಿಡಬೇಕು. ಹಾಳೆಯ ಕೊನೆಯಲ್ಲಿ ಹೊಸ ಕಾಲಮ್ ಮಾಡಿಕೊಂಡು, ಪ್ಲೇಸ್‌ಮಾರ್ಕ್‌ನ ಸ್ಥಿರ ಪಠ್ಯವನ್ನೂ ಆಯಾ ಸಾಲಿನ ಹೆಸರು ಮತ್ತು ಅಂಕಿಗಳನ್ನೂ ಜೋಡಿಸುವ ಸೂತ್ರವನ್ನು ಮೊದಲ ಸಾಲಿನಲ್ಲಿ ಬರೆದು ಕೆಳಗಿನವರೆಗೆ ಎಳೆದರೆ ಪ್ರತಿ ಸಾಲಿಗೂ ಒಂದು ಪ್ಲೇಸ್‌ಮಾರ್ಕ್ ಸಿದ್ಧವಾಗುತ್ತದೆ. ಆ ಕಾಲಮ್ಮನ್ನು ಪೂರ್ತಿ ನಕಲಿಸಿ, ಮೇಲೆ ಕಡತದ ಆರಂಭದ ಸಾಲುಗಳನ್ನೂ ಕೆಳಗೆ ಮುಕ್ತಾಯದ ಸಾಲುಗಳನ್ನೂ ಸೇರಿಸಿ ಡಾಟ್ ಕೆಎಂಎಲ್ ಹೆಸರಿನಲ್ಲಿ ಉಳಿಸಿದರೆ ಆಯಿತು. ಮುಂದೆ ಹಾಳೆಗೆ ಹತ್ತು ಊರು ಸೇರಿದರೂ ಸೂತ್ರವನ್ನು ಇನ್ನಷ್ಟು ಕೆಳಗೆ ಎಳೆಯುವುದಷ್ಟೇ ಕೆಲಸ.

ಪದವಿ ವಿದ್ಯಾರ್ಥಿನಿ, ಕಲಬುರಗಿ

ಸರ್, ಇಷ್ಟೆಲ್ಲ ಸೂತ್ರ ಬರೆಯುವ ಬದಲು ಪಾತ್ ಉಪಕರಣದಿಂದ ಕೈಯಲ್ಲೇ ಗೆರೆ ಎಳೆಯುವುದು ಸುಲಭವಲ್ಲವೆ? ಗೆರೆ ಸರಿಯಾಗಿಯೇ ಬರುತ್ತದೆ ಎಂದು ನೀವೇ ಹೇಳಿದ್ದೀರಿ.

ತಂತ್ರಾಂಶ ಉದ್ಯೋಗಿ, ಊರು ಭಾಲ್ಕಿ

ಐದಾರು ಗೆರೆಗಳಿದ್ದರೆ ಖಂಡಿತ ಕೈಯಲ್ಲೇ ಎಳೆಯಿರಿ, ತಂಗಿ. ಗೆರೆಗಳು ಹೆಚ್ಚಾದಾಗ ಎರಡು ಕಷ್ಟಗಳಿವೆ. ಬೀದರ್‌ನಿಂದ ಹೊರಡುವ ಎಲ್ಲ ಗೆರೆಗಳೂ ಒಂದೇ ಬಿಂದುವಿನಿಂದ ಹೊರಡಬೇಕು. ಮೌಸ್‌ನಿಂದ ಕ್ಲಿಕ್ಕಿಸಿದಾಗ ಒಂದು ಕೋಟೆಯ ಬಳಿ, ಒಂದು ಬಸ್ ನಿಲ್ದಾಣದ ಬಳಿ, ಇನ್ನೊಂದು ನೌಬಾದ್ ಬಳಿ ಬೀಳುತ್ತದೆ. ಎರಡನೆಯದಾಗಿ, ಮುಂದೊಂದು ದಿನ ಯಾವುದಾದರೂ ಊರಿನ ಸ್ಥಾನ ತಿದ್ದಬೇಕಾದರೆ ಹಾಳೆಯಲ್ಲಿ ಒಂದು ಕಡೆ ತಿದ್ದಿದರೆ ಸಾಕಾಗುತ್ತದೆ. ಕೈಯಿಂದ ಎಳೆದಿದ್ದರೆ ಅಂತಹ ಪ್ರತಿಯೊಂದು ಗೆರೆಯನ್ನೂ ಹುಡುಕಿ ತಿದ್ದಬೇಕು.

ಭೂಗೋಳ ಶಿಕ್ಷಕ, ಯಾದಗಿರಿ

ಟೆಸಲೇಟ್ ವಿಚಾರ ಸರಿಯಾಗಿದೆ. ಆದರೆ ಅದನ್ನು ಹಾಕಿದ ಮೇಲೆ ಗೆರೆ ಎಲ್ಲಿಂದ ಹಾದುಹೋಗುತ್ತದೆ ಎಂಬುದನ್ನು ಉಪನ್ಯಾಸಕಿಯವರು ಒಮ್ಮೆ ಗಮನಿಸಬೇಕೆಂದು ಕೋರುತ್ತೇನೆ. ಎರಡು ಬಿಂದುಗಳ ನಡುವೆ ಗೂಗಲ್ ಅರ್ಥ್ ಎಳೆಯುವುದು ಮಹಾವೃತ್ತದ ತುಂಡನ್ನು, ಅಂದರೆ ಗೋಳದ ಮೈಮೇಲಿನ ಅತಿ ಹತ್ತಿರದ ದಾರಿಯನ್ನು. ತರಗತಿಯ ಗೋಡೆಯ ಮೇಲಿನ ಸಪಾಟು ನಕ್ಷೆಯಲ್ಲಿ ಅಡಿಪಟ್ಟಿ ಇಟ್ಟು ಬೀದರ್‌ನಿಂದ ತ್ವೇರ್‌ಗೆ ಗೆರೆ ಎಳೆದರೆ ಅದು ಬೇರೆ ಕಡೆಯಿಂದ ಹೋಗುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಸಮ ಅಂತರದಲ್ಲಿ ಬಿಡಿಸಿದ ನಕ್ಷೆಯಲ್ಲಿ ಆ ಗೆರೆಯ ನಡುಬಿಂದು ಇರಾನಿನ ಈಶಾನ್ಯ ಭಾಗದ ಬೊಜ್ನೂರ್ದ್ ಸಮೀಪ ಬರುತ್ತದೆ. ಗ್ಲೋಬಿನ ಮೇಲೆ ಎಳೆದ ಗೆರೆಯ ನಡುಬಿಂದು ತುರ್ಕ್‌ಮೆನಿಸ್ತಾನದ ಕಾರಾಕುಂ ಮರುಭೂಮಿಯ ಕಡೆ, ಸುಮಾರು 39 ಡಿಗ್ರಿ ಉತ್ತರ ಅಕ್ಷಾಂಶ, 62.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಬೀಳುತ್ತದೆ. ಎರಡು ನಡುಬಿಂದುಗಳ ನಡುವೆ ಐನೂರು ಕಿಲೋಮೀಟರಿಗೂ ಹೆಚ್ಚಿನ ವ್ಯತ್ಯಾಸ ಇದೆ. ಎರಡೂ ಗೆರೆಗಳು ತಮ್ಮ ತಮ್ಮ ನಕ್ಷೆಯಲ್ಲಿ ಸರಿಯೇ.

ಆದರೆ ನಿಕಿತಿನ್ ಕಾರಾಕುಂ ಮರುಭೂಮಿಯನ್ನು ದಾಟಿ ಬಂದವನೇ ಅಲ್ಲ. ನೀವು ತೋರಿಸುವ ಗೆರೆ ‘ಈ ಎರಡು ಊರುಗಳಿಗೆ ಸಂಬಂಧವಿತ್ತು’ ಎಂದು ಹೇಳುತ್ತಿದೆಯೋ, ‘ಮನುಷ್ಯನೊಬ್ಬ ಈ ದಾರಿಯಲ್ಲಿ ನಡೆದುಬಂದ’ ಎಂದು ಹೇಳುತ್ತಿದೆಯೋ? ಗ್ಲೋಬ್ ತಿರುಗಿಸಿ ನೋಡುವ ಹುಡುಗ ಗೆರೆಯನ್ನು ದಾರಿ ಎಂದೇ ಓದುತ್ತಾನೆ, ಅದರ ಕೆಳಗೆ ಕಾಣುವ ಮರುಭೂಮಿಯನ್ನೂ ಪರ್ವತವನ್ನೂ ದಾರಿಯ ಭಾಗವೆಂದೇ ನೆನಪಿಟ್ಟುಕೊಳ್ಳುತ್ತಾನೆ. ಸಪಾಟು ಕಾಗದದ ಮೇಲಿನ ಗೆರೆ ಒಂದು ಗುರುತು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಉಪಗ್ರಹ ಚಿತ್ರದ ಮೇಲಿನ ಗೆರೆಗೆ ನಿಜದ ಬಲ ತಾನಾಗಿಯೇ ಬಂದುಬಿಡುತ್ತದೆ. ಹಾಗಾಗಿ ತಂತ್ರಾಂಶದ ಪ್ರಶ್ನೆಗಿಂತ ಮೊದಲು ಇದನ್ನು ತೀರ್ಮಾನಿಸಬೇಕು.

ಇತಿಹಾಸ ಉಪನ್ಯಾಸಕಿ, ಬೀದರ್

ಸರ್, ತಾವು ಎತ್ತಿದ ಪ್ರಶ್ನೆ ನಮ್ಮ ಕೆಲಸದ ಬುಡಕ್ಕೇ ಸಂಬಂಧಿಸಿದ್ದು. ನಿಕಿತಿನ್ ತನ್ನ ಪ್ರಯಾಣದ ಟಿಪ್ಪಣಿಗಳನ್ನು ಬರೆದಿಟ್ಟಿರುವುದರಿಂದ ಅವನ ವಿಷಯದಲ್ಲಿ ನಾವು ಊಹಿಸುವ ಅಗತ್ಯ ಕಡಿಮೆ. ವೋಲ್ಗಾ ನದಿಯಲ್ಲಿ ಇಳಿದು, ದಾರಿಯಲ್ಲಿ ದರೋಡೆಗೊಳಗಾಗಿ, ಕ್ಯಾಸ್ಪಿಯನ್ ತೀರದ ದೆರ್ಬೆಂತ್ ಮತ್ತು ಬಾಕುಗಳನ್ನು ಮುಟ್ಟಿ, ಪರ್ಷಿಯಾವನ್ನು ದಾಟಿ ಹೋರ್ಮುಜ್ ದ್ವೀಪಕ್ಕೆ ಬಂದು, ಅಲ್ಲಿಂದ ಮಸ್ಕತ್ ಮಾರ್ಗವಾಗಿ ಕಡಲು ದಾಟಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಚೌಲ್‌ನಿಂದ ಘಟ್ಟ ಹತ್ತಿ ಜುನ್ನಾರ್‌ಗೆ ಬಂದಾಗ ಅಲ್ಲಿನ ಅಧಿಕಾರಿ ಅಸದ್ ಖಾನ್ ಇವನ ಕುದುರೆಯನ್ನು ಕಿತ್ತುಕೊಂಡಿದ್ದು, ಆಮೇಲೆ ಅದು ಮರಳಿ ಸಿಕ್ಕಿದ್ದು, ಕೊನೆಗೆ ಬೀದರ್‌ನಲ್ಲಿ ಅದನ್ನು ಮಾರಿದ್ದು ಎಲ್ಲವೂ ಅವನ ಬರಹದಲ್ಲಿವೆ. ಹಿಂದಿರುಗುವಾಗ ದಾಭೋಳ ಬಂದರಿನಿಂದ ಹಡಗು ಹತ್ತಿ, ತಬ್ರೀಜ್ ಮತ್ತು ತ್ರೆಬಿಜೋಂದ್ ಮೂಲಕ ಕಪ್ಪು ಸಮುದ್ರ ದಾಟಿ ಕಾಫಾಕ್ಕೆ ತಲುಪಿದನು. ತ್ವೇರ್ ಮುಟ್ಟುವ ಮೊದಲೇ, ಸ್ಮೋಲೆನ್‌ಸ್ಕ್ ಹತ್ತಿರ ತೀರಿಕೊಂಡನು. ಇಷ್ಟು ಇರುವಾಗ ಅವನ ಹೆಸರಿನಲ್ಲಿ ಬೀದರ್‌ನಿಂದ ತ್ವೇರ್‌ಗೆ ಒಂದೇ ಗೆರೆ ಎಳೆದು ಕಾರಾಕುಂ ಮೇಲಿನಿಂದ ಹಾಯಿಸುವುದು ಅವನ ಕಷ್ಟಕ್ಕೆ ಮಾಡಿದ ಅನ್ಯಾಯವಾಗುತ್ತದೆ. ಅವನು ಹೆಸರಿಸಿದ ಊರುಗಳನ್ನು ಒಂದರ ನಂತರ ಒಂದಾಗಿ ಜೋಡಿಸಿದ ಗೆರೆಯೇ ಬೇಕು.

ಮಾಹಾನ್ ವಿಷಯ ಹಾಗಲ್ಲ. ಸುಲ್ತಾನ್ ಅಹ್ಮದ್ ಶಾ ಆಹ್ವಾನ ಕಳಿಸಿದಾಗ ಶಾ ನಿಅಮತುಲ್ಲಾ ತಮ್ಮ ಮೊಮ್ಮಗ ನೂರುಲ್ಲಾನನ್ನು ಕಳಿಸಿದರು. 1431ರಲ್ಲಿ ಅವರು ತೀರಿಕೊಂಡ ಬಳಿಕ ಮಗ ಖಲೀಲುಲ್ಲಾ ಬಂದರು. ಅವರ ಸಮಾಧಿಯಾದ ಚೌಖಂಡಿ ಇಂದಿಗೂ ಅಷ್ಟೂರಿನ ಹಾದಿಯಲ್ಲಿ ನಿಂತಿದೆ. ಸಂಬಂಧ ಖಚಿತ, ದಾರಿಯ ಒಂದೊಂದು ತಂಗುದಾಣ ನಮ್ಮ ಹಾಳೆಯಲ್ಲಿಲ್ಲ. ಇಲ್ಲಿ ನೇರ ಗೆರೆಯೇ ಪ್ರಾಮಾಣಿಕವಾದದ್ದು ಎಂದು ನನಗನ್ನಿಸುತ್ತದೆ, ಅದು ದಾರಿಯಲ್ಲ ಎಂಬುದು ನೋಡಿದ ಕೂಡಲೇ ತಿಳಿಯುವಂತಿದ್ದರೆ ಮಾತ್ರ. ಆದ್ದರಿಂದ ‘ದಾರಿ’ ಮತ್ತು ‘ಸಂಬಂಧ’ ಎಂದು ಎರಡು ಫೋಲ್ಡರ್ ಮಾಡಿ, ದಾರಿಗಳನ್ನು ಗಟ್ಟಿ ಗೆರೆಯಿಂದಲೂ ಸಂಬಂಧಗಳನ್ನು ಚುಕ್ಕಿ ಗೆರೆಯಿಂದಲೂ ತೋರಿಸಬೇಕೆಂದಿದ್ದೇನೆ. ಚುಕ್ಕಿ ಗೆರೆ ಹಾಕುವ ಆಯ್ಕೆ ನನಗೆ ಎಲ್ಲಿಯೂ ಸಿಗುತ್ತಿಲ್ಲ.

ಭೂಮಾಪನ ವೃತ್ತಿಯವರು, ಕಲಬುರಗಿ

ಚುಕ್ಕಿ ಗೆರೆಯ ಆಯ್ಕೆ ಸಿಗುವುದಿಲ್ಲ ಮೇಡಂ, ಏಕೆಂದರೆ ಕೆಎಂಎಲ್‌ನಲ್ಲಿ ಗೆರೆಗೆ ಬಣ್ಣ ಮತ್ತು ದಪ್ಪ ಕೊಡಬಹುದೇ ಹೊರತು ತುಂಡು ತುಂಡಾಗಿ ತೋರಿಸುವ ವ್ಯವಸ್ಥೆಯೇ ಇಲ್ಲ. ಎರಡು ಉಪಾಯಗಳಿವೆ. ಒಂದು, ಗೆರೆಯನ್ನು ನಿಜವಾಗಿಯೇ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದು ಬಿಟ್ಟು ಒಂದನ್ನು ಉಳಿಸಿ, ಎಲ್ಲವನ್ನೂ ‘ಮಲ್ಟಿಜಿಯೊಮೆಟ್ರಿ’ ಎಂಬ ಒಂದೇ ಚೀಲಕ್ಕೆ ಹಾಕುವುದು. ಆಗ ಪಟ್ಟಿಯಲ್ಲಿ ಅದು ಒಂದೇ ಗೆರೆಯಾಗಿ ಕಾಣುತ್ತದೆ, ಗ್ಲೋಬಿನ ಮೇಲೆ ತುಂಡು ಗೆರೆಯಾಗಿ ಮೂಡುತ್ತದೆ. ಎರಡನೆಯದು ಇನ್ನೂ ಸರಳ. ಸಂಬಂಧದ ಗೆರೆಗಳನ್ನು ತೆಳ್ಳಗೆ, ಅರೆಪಾರದರ್ಶಕವಾಗಿ ಇಡುವುದು. ನಿಮ್ಮ ಉದ್ದೇಶಕ್ಕೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಕತ್ತರಿಸಿದ ಗೆರೆ ದೂರದಿಂದ ಚೆನ್ನಾಗಿ ಕಂಡರೂ ಹತ್ತಿರ ಹೋದಾಗ ನೂರಾರು ಕಿಲೋಮೀಟರ್ ಖಾಲಿ ಬಿಟ್ಟುಬಿಡುತ್ತದೆ, ನೋಡುವವರಿಗೆ ಗೆರೆ ಕಡಿದುಹೋಯಿತೋ ಎಂಬ ಗೊಂದಲವಾಗುತ್ತದೆ.

ಬಣ್ಣದ ಸಂಕೇತದ ಬಗ್ಗೆ ಎಚ್ಚರ ಬೇಕು. ವೆಬ್ ಪುಟಗಳಲ್ಲಿ ಕೆಂಪು, ಹಸಿರು, ನೀಲಿ ಎಂಬ ಕ್ರಮವಿದ್ದರೆ ಕೆಎಂಎಲ್‌ನಲ್ಲಿ ಮೊದಲು ಪಾರದರ್ಶಕತೆ, ಆಮೇಲೆ ನೀಲಿ, ಹಸಿರು, ಕೊನೆಗೆ ಕೆಂಪು. ವೆಬ್‌ನ ಕೆಂಪು ಸಂಕೇತವನ್ನು ಹಾಗೆಯೇ ತಂದು ಪಾರದರ್ಶಕತೆಯ ಪಕ್ಕದಲ್ಲಿ ಅಂಟಿಸಿದರೆ ಗೆರೆ ನೀಲಿಯಾಗಿ ಬರುತ್ತದೆ. ಪ್ರತಿ ಗೆರೆಗೂ ಬಣ್ಣ ಬರೆಯುತ್ತ ಕೂರಬೇಡಿ. ಕಡತದ ತಲೆಯಲ್ಲಿ ವ್ಯಾಪಾರ, ಧರ್ಮ, ಆಡಳಿತಕ್ಕೆ ಒಂದೊಂದು ಶೈಲಿಯನ್ನು ಹೆಸರಿಟ್ಟು ಬರೆದು, ಗೆರೆಗಳಲ್ಲಿ ಆ ಹೆಸರನ್ನು ಮಾತ್ರ ಉಲ್ಲೇಖಿಸಿದರೆ ನಾಳೆ ಬಣ್ಣ ಬದಲಿಸುವುದು ಒಂದು ಕಡೆಯ ಕೆಲಸವಾಗುತ್ತದೆ.

ಎಲ್ಲಕ್ಕಿಂತ ಮೊದಲು ಹಾಳೆಯ ಅಂಕಿಗಳನ್ನು ಶುದ್ಧ ಮಾಡಿಕೊಳ್ಳಿ. ಹಲವು ವಿದ್ಯಾರ್ಥಿಗಳು ಸೇರಿ ತುಂಬಿದ ಹಾಳೆಯಲ್ಲಿ ಎರಡು ದೋಷಗಳು ಬಂದೇ ಬರುತ್ತವೆ. ಮೊದಲನೆಯದು, ಅಕ್ಷಾಂಶ ಮತ್ತು ರೇಖಾಂಶ ಅದಲುಬದಲಾಗುವುದು. ಬೀದರ್‌ನ ಅಂಕಿಗಳು ಅದಲುಬದಲಾದರೆ ಬಿಂದು ಆರ್ಕ್‌ಟಿಕ್ ಸಾಗರದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಬೀಳುತ್ತದೆ. ಕಲಬುರಗಿಯೂ ಅದರ ಹತ್ತಿರವೇ ಹೋಗಿ ಕೂರುತ್ತದೆ. ಇದು ಕಣ್ಣಿಗೆ ರಾಚುವುದರಿಂದ ಅಪಾಯ ಕಡಿಮೆ. ಎರಡನೆಯದು ಕಳ್ಳನಂತೆ ಅಡಗಿಕೊಳ್ಳುವ ದೋಷ. ಹಳೆಯ ಪುಸ್ತಕಗಳಲ್ಲಿ ಬೀದರ್‌ನ ಅಕ್ಷಾಂಶವನ್ನು 17 ಡಿಗ್ರಿ 55 ಮಿನಿಟು ಎಂದು ಬರೆದಿರುತ್ತಾರೆ. ಅದನ್ನು 17.55 ಎಂದು ತುಂಬಿಸಿದರೆ ಬಿಂದು ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಗ್ಲೋಬನ್ನು ದೂರದಿಂದ ನೋಡಿದಾಗ ಯಾರಿಗೂ ಅನುಮಾನವೇ ಬರುವುದಿಲ್ಲ. ಮಿನಿಟನ್ನು 60ರಿಂದ ಭಾಗಿಸಿ ಸೇರಿಸಿದಾಗ 17.92 ಬರುತ್ತದೆ, ಅದೇ ಸರಿ. ಆದ್ದರಿಂದ ಮೊದಲು ಊರುಗಳನ್ನು ಬಿಂದುಗಳಾಗಿ ಇಂಪೋರ್ಟ್ ಮಾಡಿ, ಪ್ರತಿ ಬಿಂದುವಿನ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಹತ್ತಿರ ಹೋಗಿ, ಅದು ಆ ಊರಿನ ಮೇಲೆಯೇ ಕೂತಿದೆಯೇ ಎಂದು ನೋಡಿದ ಮೇಲೆ ಗೆರೆಗೆ ಕೈಹಾಕಿ.

ನಿಕಿತಿನ್ ದಾರಿಯಂತಹ ಬಹು ತಂಗುದಾಣಗಳ ಗೆರೆಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಅನುಕೂಲ. ಒಂದು ಸಾಲಿಗೆ ಒಂದು ತಂಗುದಾಣ ಬರೆದು, ಪಕ್ಕದಲ್ಲಿ ಪ್ರಯಾಣದ ಹೆಸರು ಮತ್ತು ಕ್ರಮಸಂಖ್ಯೆ ಕೊಡಿ. ಅದರಲ್ಲಿರುವ ‘ಪಾಯಿಂಟ್ಸ್ ಟು ಪಾತ್’ ಎಂಬ ಉಪಕರಣ ಪ್ರಯಾಣದ ಹೆಸರಿನಿಂದ ಗುಂಪು ಮಾಡಿ, ಕ್ರಮಸಂಖ್ಯೆಯಂತೆ ಜೋಡಿಸಿ, ಎಷ್ಟು ಪ್ರಯಾಣಗಳಿದ್ದರೂ ಒಂದೇ ಸಲಕ್ಕೆ ಗೆರೆ ಮಾಡಿಕೊಡುತ್ತದೆ. ಕ್ರಮಸಂಖ್ಯೆಯ ಕಾಲಮ್ ಅಂಕಿಯಾಗಿಯೇ ಓದಿಸಲ್ಪಡಬೇಕು. ಪಠ್ಯವೆಂದು ಓದಿಕೊಂಡರೆ 1ರ ಬಳಿಕ 10, 11 ಬಂದು ಆಮೇಲೆ 2 ಬರುತ್ತದೆ, ನಿಮ್ಮ ಪ್ರಯಾಣಿಕ ವೋಲ್ಗಾದಿಂದ ಜುನ್ನಾರ್‌ಗೆ ಹಾರಿ ಮತ್ತೆ ಬಾಕುಗೆ ಮರಳುತ್ತಾನೆ. ಗೆರೆಗಳನ್ನು ಕೆಎಂಎಲ್ ಆಗಿ ಹೊರತೆಗೆಯುವ ಮೊದಲು ‘ಟೆಸಲೇಟ್’ ಎಂಬ ಇಂಗ್ಲಿಷ್ ಹೆಸರಿನದೇ ಒಂದು ಅಂಕಿಯ ಕಾಲಮ್ ಸೇರಿಸಿ ಎಲ್ಲ ಸಾಲಿಗೂ 1 ಕೊಡಿ. ಇಲ್ಲವಾದರೆ ಮೊದಲಿನ ತೊಂದರೆಯೇ ಮರುಕಳಿಸುತ್ತದೆ.

ಡಿಟಿಪಿ ಕೇಂದ್ರ ನಡೆಸುವವರು, ಹುಮನಾಬಾದ್

ಕನ್ನಡ ಹೆಸರುಗಳ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವ ಹೆಸರುಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚಾಗಿರುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ, ಎಕ್ಸೆಲ್ ಒಳಗೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಗೂಗಲ್ ಅರ್ಥ್‌ಗೆ ಫಾಂಟ್ ಗೊತ್ತಿರುವುದಿಲ್ಲ, ಅದಕ್ಕೆ ಯೂನಿಕೋಡ್ ಬೇಕು. ನುಡಿಯ ಜೊತೆಗೇ ಬರುವ ಪರಿವರ್ತಕದಿಂದ ಆ ಕಾಲಮ್ಮನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪರಿವರ್ತನೆಯ ಬಳಿಕ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಹೆಸರುಗಳನ್ನು, ‘ದೆರ್ಬೆಂತ್’, ‘ಸ್ಮೋಲೆನ್‌ಸ್ಕ್’ ಇಂಥವನ್ನು, ಕಣ್ಣಿನಿಂದ ಒಮ್ಮೆ ಪರೀಕ್ಷಿಸಬೇಕು. ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಅದು ಬೇರೆ ರೋಗ. ಕಡತವನ್ನು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿಕೊಂಡಿಲ್ಲ ಎಂದರ್ಥ.

ಇನ್ನೊಂದು ವಿಷಯ. ವಿವರಣೆಯ ಕಾಲಮ್‌ನಲ್ಲಿ ‘ಮತ್ತು’ ಎಂಬುದಕ್ಕೆ ಇಂಗ್ಲಿಷಿನ ಆಂಪರ್‌ಸ್ಯಾಂಡ್ ಚಿಹ್ನೆ ಹಾಕುವ ಅಭ್ಯಾಸ ಹಲವರಿಗಿದೆ. ಕೆಎಂಎಲ್‌ನಲ್ಲಿ ಆ ಚಿಹ್ನೆಗೆ ಬೇರೆ ಅರ್ಥವಿರುವುದರಿಂದ ಒಂದೇ ಒಂದು ಕಡೆ ಉಳಿದರೂ ಇಡೀ ಕಡತ ತೆರೆಯದೇ ಹೋಗಬಹುದು. ‘ಮತ್ತು’ ಎಂದೇ ಬರೆಯಿರಿ.

ತಂತ್ರಾಂಶ ಉದ್ಯೋಗಿ, ಊರು ಭಾಲ್ಕಿ

ಸಂಬಂಧದ ಗೆರೆಗಳ ಬಗ್ಗೆ ಒಂದು ಸಲಹೆ ಇದೆ. ಅವನ್ನು ನೆಲದ ಮೇಲೆ ಹಾಸುವ ಬದಲು ಆಕಾಶದಲ್ಲಿ ಕಮಾನಿನಂತೆ ಎತ್ತಿದರೆ ದಾರಿಯ ಗೆರೆಗಳಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಎರಡು ತುದಿಗಳ ನಡುವೆ ಮೂವತ್ತು ನಲವತ್ತು ಬಿಂದುಗಳನ್ನು ಲೆಕ್ಕ ಹಾಕಿ, ನಡುವಿನ ಬಿಂದುಗಳಿಗೆ ಎತ್ತರ ಹೆಚ್ಚಿಸುತ್ತ ಹೋಗಿ, ಎತ್ತರದ ಕ್ರಮವನ್ನು ‘ಅಬ್ಸೊಲ್ಯೂಟ್’ ಎಂದು ಬದಲಿಸಬೇಕು. ಬಿಂದುಗಳ ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ. ಒಂದು ನಗರದಿಂದ ಹತ್ತಾರು ಕಮಾನುಗಳು ಚಿಮ್ಮುವ ನೋಟ ಬಹಳ ಸುಂದರವಾಗಿರುತ್ತದೆ, ವಿದ್ಯಾರ್ಥಿಗಳ ಮನಸ್ಸನ್ನು ಸೆಳೆಯುತ್ತದೆ.

ಭೂಗೋಳ ಶಿಕ್ಷಕ, ಯಾದಗಿರಿ

ಸುಂದರವಾಗಿರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ನನ್ನ ಒಪ್ಪಿಗೆ ಇಲ್ಲ. ಕಲಬುರಗಿಯಲ್ಲಿ 2019ರಲ್ಲಿ, ಬೀದರ್‌ನಲ್ಲಿ 2020ರಲ್ಲಿ ನಾಗರಿಕ ವಿಮಾನ ಸಂಚಾರ ಆರಂಭವಾದ ಮೇಲೆ ನಮ್ಮ ಮಕ್ಕಳಿಗೆ ಕಮಾನಿನ ಗೆರೆ ಎಂದರೆ ವಿಮಾನದ ಮಾರ್ಗ ಎಂದೇ ತಿಳಿದಿದೆ, ಕಂಪನಿಗಳ ನಕ್ಷೆಗಳಲ್ಲಿಯೂ ಹಾಗೆಯೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗ್ಲೋಬಿನಲ್ಲಿ ಎತ್ತರ ಎನ್ನುವುದು ಒಂದು ಅಳತೆ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಗೆರೆ ಹಾದುಹೋದರೆ ಆ ಎತ್ತರ ಏನನ್ನು ಅಳೆಯುತ್ತಿದೆ ಎಂದು ವಿದ್ಯಾರ್ಥಿ ಕೇಳಿದಾಗ ಉತ್ತರವಿರಬೇಕು. ಅರ್ಥವಿಲ್ಲದ ಅಳತೆಯನ್ನು ಅಲಂಕಾರಕ್ಕೆಂದು ಸೇರಿಸಬಾರದು.

ಇತಿಹಾಸ ಉಪನ್ಯಾಸಕಿ, ಬೀದರ್

ಭಾಲ್ಕಿಯ ಸರ್ ಅವರ ಕಾಳಜಿಗೆ ಕೃತಜ್ಞಳಾಗಿದ್ದೇನೆ, ಆದರೆ ಈ ವಿಷಯದಲ್ಲಿ ಯಾದಗಿರಿಯ ಗುರುಗಳ ಮಾತು ನನಗೆ ಒಪ್ಪಿಗೆಯಾಯಿತು. ಸಂಬಂಧದ ಗೆರೆಗಳು ತೆಳ್ಳಗೆ, ಅರೆಪಾರದರ್ಶಕವಾಗಿ ನೆಲದ ಮೇಲೆಯೇ ಇರಲಿ. ದಾರಿಯ ಗೆರೆಗಳಿಗೆ ಒಂದು ನಿಯಮ ಮಾಡಿಕೊಂಡಿದ್ದೇವೆ: ಪ್ರಯಾಣಿಕನೇ ಹೇಳಿದ ಅಥವಾ ಆ ಕಾಲದ ಬರಹದಲ್ಲಿ ದಾಖಲಾದ ಊರು ಮಾತ್ರ ತಂಗುದಾಣವಾಗಬೇಕು, ಪ್ರತಿ ತಂಗುದಾಣದ ವಿವರಣೆಯಲ್ಲಿ ಆಧಾರವನ್ನು ಬರೆಯಬೇಕು. ದೆಹಲಿ ಬಿಟ್ಟ ಗೇಸೂದರಾಜ್ ಅವರು ಗುಜರಾತ್ ಮತ್ತು ದೌಲತಾಬಾದ್ ಮೂಲಕ ಕಲಬುರಗಿಗೆ ಬಂದರೆಂಬ ದಾಖಲೆ ಇರುವುದರಿಂದ ಅವರ ಗೆರೆ ‘ದಾರಿ’ ಫೋಲ್ಡರಿಗೆ ಹೋಯಿತು. ಮಹಮೂದ್ ಗಾವಾನ್ ಸದ್ಯಕ್ಕೆ ‘ಸಂಬಂಧ’ದಲ್ಲಿದ್ದಾನೆ.

ಪದವಿ ವಿದ್ಯಾರ್ಥಿನಿ, ಕಲಬುರಗಿ

ಮೇಡಂ, ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಬದಲಾದದ್ದನ್ನು ಯಾವ ಫೋಲ್ಡರಿಗೆ ಹಾಕುತ್ತೀರಿ? ನಾನು ಎರಡೂ ಊರುಗಳ ನಡುವೆ ನೇರ ಗೆರೆ ಎಳೆದು ಅಳೆದಾಗ ಸುಮಾರು 97 ಕಿಲೋಮೀಟರ್ ಬಂತು. 2017ರಲ್ಲಿ ಉದ್ಘಾಟನೆಯಾದ ರೈಲು ಮಾರ್ಗ ಹುಮನಾಬಾದ್ ಮೇಲೆ ಬಂದು 110 ಕಿಲೋಮೀಟರ್ ಆಗುತ್ತದೆ. ಆ ರೈಲು ಮಾರ್ಗವನ್ನೇ ಉಪಗ್ರಹ ಚಿತ್ರ ನೋಡಿಕೊಂಡು ಎಳೆದರೆ ಗೆರೆ ಹೆಚ್ಚು ಸಹಜವಾಗಿ ಕಾಣುವುದಿಲ್ಲವೆ?

ಇತಿಹಾಸ ಉಪನ್ಯಾಸಕಿ, ಬೀದರ್

ಸಹಜವಾಗಿ ಕಾಣುತ್ತದೆ, ಅದೇ ತೊಂದರೆ. ಇಂದಿನ ರೈಲಿನ ತಿರುವುಗಳನ್ನು ಅಹ್ಮದ್ ಶಾನ ಪರಿವಾರಕ್ಕೆ ಹಚ್ಚಿದಂತಾಗುತ್ತದೆ. ಅದು ‘ಸಂಬಂಧ’ದ ಫೋಲ್ಡರಿನಲ್ಲಿ ನೇರ ಗೆರೆಯಾಗಿಯೇ ಇರಲಿ, ಮಗಳೇ. ನಿನ್ನ ರೈಲಿನ ಗೆರೆಯನ್ನು ಅಳಿಸಬೇಡ. ‘ಇಂದಿನ ಮಾರ್ಗಗಳು’ ಎಂಬ ಮೂರನೆಯ ಫೋಲ್ಡರಿನಲ್ಲಿ ಹೋಲಿಕೆಗೆಂದು ಇಡೋಣ.

ಪರಂಪರೆ ಆಸಕ್ತ, ಬೀದರ್ ನೌಬಾದ್

ಬೀದರ್‌ನ ಗೆರೆಗಳು ಎಂದ ಮೇಲೆ ಸುರಂಗ ಬಾವಿಯನ್ನು ಬಿಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಬಹಮನಿ ಕಾಲದಲ್ಲಿ ಪರ್ಷಿಯಾದ ಕಾರೇಜ್ ವಿದ್ಯೆಯಿಂದ ಇಲ್ಲಿ ನೆಲದಡಿಯ ಕಾಲುವೆಗಳನ್ನು ತೋಡಿದರು. ನೌಬಾದ್‌ನ ಕಾಲುವೆಯೊಂದೇ ಎರಡು ಕಿಲೋಮೀಟರಿಗೂ ಉದ್ದವಿದೆ. ಬೀದರ್‌ನ ಜಂಬಿಟ್ಟಿಗೆ ಕಲ್ಲಿನ ಪದರದಲ್ಲಿ ಇಂಗಿದ ನೀರನ್ನು ತುಸುವೇ ಇಳಿಜಾರಿನಲ್ಲಿ ಹರಿಸಿಕೊಂಡು ಹೋಗುವ ಈ ಕಾಲುವೆಗೆ ಗಾಳಿ ಬೆಳಕಿಗಾಗಿ ಮತ್ತು ಹೂಳು ಎತ್ತುವುದಕ್ಕಾಗಿ ಮೇಲಿನಿಂದ ಅಲ್ಲಲ್ಲಿ ಬಾವಿಯಂತಹ ತೆರಪುಗಳನ್ನು ಬಿಟ್ಟಿದ್ದಾರೆ. ಆ ತೆರಪುಗಳನ್ನು ಮೊಬೈಲ್ ಜಿಪಿಎಸ್‌ನಿಂದ ಗುರುತಿಸಿ ಜೋಡಿಸಿದರೆ ಕಾಲುವೆಯ ಗೆರೆ ಸಿಗುತ್ತದೆಯಲ್ಲವೆ? ಅದನ್ನು ನೆಲದ ಕೆಳಗೆ ಇರುವಂತೆಯೇ ತೋರಿಸಬಹುದೇ?

ಭೂಮಾಪನ ವೃತ್ತಿಯವರು, ಕಲಬುರಗಿ

ಸರ್, ಇದು ಬಹಳ ಒಳ್ಳೆಯ ವಿಚಾರ, ಆದರೆ ಇಲ್ಲಿ ಲೆಕ್ಕಾಚಾರವೇ ಬೇರೆ. ಎರಡು ಕಿಲೋಮೀಟರ್ ಉದ್ದಕ್ಕೆ ಭೂಮಿಯ ದುಂಡುತನದಿಂದ ಆಗುವ ವ್ಯತ್ಯಾಸ ಎಂಟು ಸೆಂಟಿಮೀಟರ್ ಅಷ್ಟೇ, ಅದನ್ನು ಮರೆತುಬಿಡಬಹುದು. ಇಲ್ಲಿ ಮುಖ್ಯವಾಗುವುದು ನೆಲದ ಏರಿಳಿತ ಮತ್ತು ಜಿಪಿಎಸ್‌ನ ನಿಖರತೆ. ಮೊಬೈಲ್ ಕೊಡುವ ಸ್ಥಾನದಲ್ಲಿ ಕೆಲವು ಮೀಟರುಗಳ ಹೆಚ್ಚುಕಡಿಮೆ ಇರುತ್ತದೆ, ಮರ ಕಟ್ಟಡಗಳ ಪಕ್ಕದಲ್ಲಿ ಇನ್ನೂ ಹೆಚ್ಚು. ಪ್ರತಿ ತೆರಪಿನ ಬಳಿ ಫೋನ್ ಹಿಡಿದು ಒಂದೆರಡು ನಿಮಿಷ ನಿಂತು, ಅಂಕಿ ಸ್ಥಿರವಾದ ಬಳಿಕ ಬರೆದುಕೊಳ್ಳಿ. ಆಮೇಲೆ ಉಪಗ್ರಹ ಚಿತ್ರದಲ್ಲಿ ತೆರಪಿನ ಕಟ್ಟೆ ಕಾಣುತ್ತಿದ್ದರೆ ಅದರೊಂದಿಗೆ ತಾಳೆ ನೋಡಿ. ಎಲ್ಲ ತೆರಪುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಜಿಪಿಎಸ್ ಮೇಲೆ ಅನುಮಾನ ಪಡಬೇಡಿ, ಚಿತ್ರವೇ ಅಷ್ಟು ಸರಿದು ಕೂತಿರುವ ಸಾಧ್ಯತೆ ಹೆಚ್ಚು.

ನೆಲದ ಕೆಳಗೆ ತೋರಿಸಲು ಆಗುವುದಿಲ್ಲ. ಎತ್ತರಕ್ಕೆ ಋಣ ಸಂಖ್ಯೆ ಕೊಟ್ಟರೆ ಗೆರೆ ನೆಲದಡಿ ಹೋಗಿ ಕಣ್ಣಿಗೆ ಕಾಣದಂತಾಗುತ್ತದೆ, ಗೂಗಲ್ ಅರ್ಥ್‌ನಲ್ಲಿ ನೆಲವನ್ನು ಪಾರದರ್ಶಕ ಮಾಡಿ ಒಳಗೆ ನೋಡುವ ಅವಕಾಶವಿಲ್ಲ. ಗೆರೆಯನ್ನು ನೆಲದ ಮೇಲೆಯೇ ಹಾಸಿ, ತೆರಪುಗಳನ್ನು ಬಿಂದುಗಳಾಗಿ ಪ್ರತ್ಯೇಕವಾಗಿ ಇಡಿ. ಮೇಡಂ ಅವರ ನಿಯಮವನ್ನು ಇಲ್ಲಿಯೂ ಅನ್ವಯಿಸಬೇಕು: ಕಣ್ಣಾರೆ ಕಂಡ ತೆರಪುಗಳ ನಡುವೆ ಗಟ್ಟಿ ಗೆರೆ, ತೆರಪು ಮುಚ್ಚಿಹೋಗಿ ಕಾಲುವೆ ಎಲ್ಲಿ ತಿರುಗಿದೆಯೆಂದು ಖಚಿತವಿಲ್ಲದ ಕಡೆ ತೆಳು ಗೆರೆ. ಗೆರೆಯ ಹೆಸರಿನಲ್ಲಿಯೇ ‘ನೆಲದಡಿಯ ಕಾಲುವೆ’ ಎಂಬ ಮಾತು ಇರಲಿ, ಇಲ್ಲವಾದರೆ ನೋಡಿದವರು ಅದನ್ನು ಕಾಲುದಾರಿ ಎಂದುಕೊಳ್ಳುತ್ತಾರೆ.

ಇತಿಹಾಸ ಉಪನ್ಯಾಸಕಿ, ಬೀದರ್

ಸುರಂಗ ಬಾವಿಯನ್ನು ನಾಲ್ಕನೆಯ ಫೋಲ್ಡರ್ ಆಗಿ ಸೇರಿಸುತ್ತಿದ್ದೇವೆ. ತೆರಪುಗಳ ಅಂಕಿಗಳನ್ನು ತೆಗೆಯಲು ನೌಬಾದ್‌ನ ಸರ್ ವಿದ್ಯಾರ್ಥಿಗಳ ಜೊತೆ ಬರುವುದಾಗಿ ತಿಳಿಸಿದ್ದಾರೆ. ಹಾಳೆಯ ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸಿ, ಟೆಸಲೇಟ್ ಸೇರಿಸಿದ ಕಡತ ಈಗ ಸರಿಯಾಗಿ ತೆರೆಯುತ್ತಿದೆ. ನಿಕಿತಿನ್‌ನ ಗೆರೆ ಹೋರ್ಮುಜ್‌ನಿಂದ ಮಸ್ಕತ್ ಬಳಸಿ ಚೌಲ್‌ಗೆ ಕಡಲ ಮೇಲೆ ಬರುವುದನ್ನೂ, ಜುನ್ನಾರ್‌ನ ಬಳಿ ಘಟ್ಟದ ಏರಿಳಿತವನ್ನು ಅನುಸರಿಸುವುದನ್ನೂ ನೋಡಿ ನಮ್ಮ ವಿದ್ಯಾರ್ಥಿಗಳಿಗೆ ಬಹಳ ಸಂತೋಷವಾಯಿತು. ಉಳಿದಿರುವ ಪ್ರಶ್ನೆ ಒಂದೇ. ಪ್ರದರ್ಶನ ನಡೆಯುವ ಸಭಾಂಗಣದಲ್ಲಿ ಇಂಟರ್ನೆಟ್ ಸಂಪರ್ಕ ನಂಬುವಂತಿಲ್ಲ. ಆಗ ಗ್ಲೋಬ್ ತೆರೆಯುತ್ತದೆಯೇ?

ತಂತ್ರಾಂಶ ಉದ್ಯೋಗಿ, ಊರು ಭಾಲ್ಕಿ

ಗೆರೆಗಳು ನಿಮ್ಮ ಕಡತದಲ್ಲಿಯೇ ಇರುವುದರಿಂದ ಅವುಗಳಿಗೆ ಇಂಟರ್ನೆಟ್ ಬೇಕಿಲ್ಲ. ಉಪಗ್ರಹ ಚಿತ್ರ ಮಾತ್ರ ಜಾಲದಿಂದ ಬರುತ್ತದೆ, ಒಮ್ಮೆ ನೋಡಿದ ಭಾಗಗಳನ್ನು ಗೂಗಲ್ ಅರ್ಥ್ ಪ್ರೋ ಕಂಪ್ಯೂಟರಿನಲ್ಲಿ ಸ್ವಲ್ಪ ಮಟ್ಟಿಗೆ ಉಳಿಸಿಕೊಂಡಿರುತ್ತದೆ. ಹಿಂದಿನ ದಿನ ಕಾಲೇಜಿನಲ್ಲಿ, ಪ್ರದರ್ಶನಕ್ಕೆ ಒಯ್ಯುವ ಕಂಪ್ಯೂಟರಿನಲ್ಲಿಯೇ, ತೋರಿಸಬೇಕಾದ ಪ್ರತಿ ಗೆರೆಯ ಉದ್ದಕ್ಕೂ ಒಮ್ಮೆ ನಿಧಾನವಾಗಿ ಸಾಗಿ, ತಂಗುದಾಣಗಳ ಹತ್ತಿರ ಹೋಗಿ ಚಿತ್ರ ಪೂರ್ತಿ ಮೂಡುವವರೆಗೆ ಕಾಯಿರಿ. ಅದರ ಜೊತೆಗೆ, ಚಿತ್ರವಾಗಿ ಉಳಿಸುವ ಆಯ್ಕೆಯಲ್ಲಿ ಶೀರ್ಷಿಕೆ ಮತ್ತು ಗೆರೆಗಳ ವಿವರಪಟ್ಟಿ ಹಾಕಿ ನಾಲ್ಕು ಫೋಲ್ಡರಿನ ನಾಲ್ಕು ಚಿತ್ರಗಳನ್ನು ಮುದ್ರಿಸಿಟ್ಟುಕೊಳ್ಳಿ. ಕಡತವನ್ನು ಬೇರೆ ಕಾಲೇಜುಗಳಿಗೆ ಕಳುಹಿಸುವಾಗ ಕೆಎಂಜೆಡ್ ರೂಪದಲ್ಲಿ ಉಳಿಸಿ ಕಳುಹಿಸಿ. ಅದು ಕೆಎಂಎಲ್‌ನ ಅಡಕ ರೂಪ, ನೀವು ಸೇರಿಸಿದ ಚೌಖಂಡಿ ಮತ್ತು ಮದರಸಾದ ಫೋಟೋಗಳೂ ಅದರೊಳಗೇ ಹೋಗುತ್ತವೆ.